ಇಂಟರ್‌ವ್ಯೂಗೆ ಉತ್ತರ ಉರುಹೊಡೆಯಬೇಡಿ, ಮಾಡಿದ ಕೆಲಸ ನೆನಪಿಸಿಕೊಳ್ಳಿ

ನನ್ನ ಮೊದಲ ಇಂಟರ್‌ವ್ಯೂಗೆ ಹದಿನೆಂಟು ಉತ್ತರ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. "ನಿಮ್ಮ ಬಗ್ಗೆ ಹೇಳಿ" ಅಂದರು. ಗಿಣಿಪಾಠ ಶುರುವಾಯಿತು. ಅರ್ಧಕ್ಕೆ ಬಂದಾಗ ಒಬ್ಬರು ತಡೆದು, "ಆ ಪ್ರಾಜೆಕ್ಟ್‌ನಲ್ಲಿ ನಿಮ್ಮ ಕೆಲಸ ಏನಿತ್ತು?" ಎಂದು ಕೇಳಿದರು. ಏನೋ ಎರಡು ಮಾತು ತೊದಲಿದೆ. ಆಮೇಲೆ ಎಲ್ಲಿ ನಿಲ್ಲಿಸಿದ್ದೆ ಅನ್ನುವುದೇ ಮರೆತುಹೋಯಿತು. ಪದ್ಯ ಮರೆತ ಶಾಲೆ ಮಗುವಿನ ಹಾಗೆ ಮತ್ತೆ ಮೊದಲ ಸಾಲಿನಿಂದ ಶುರು ಮಾಡಿದೆ. ಅವರು ನಗಲಿಲ್ಲ. ನಕ್ಕಿದ್ದರೆ ಒಳ್ಳೆಯದಿತ್ತು. ಕೆಲಸ ಸಿಗಲಿಲ್ಲ ಅಂತ ಬೇರೆ ಹೇಳಬೇಕಿಲ್ಲ, ಅಲ್ವಾ?

ಕೆಲವು ವರ್ಷ ಕಳೆದ ಮೇಲೆ ಮೇಜಿನ ಆ ಕಡೆ ಕೂರುವ ಸರದಿ ನನಗೂ ಬಂತು. ಅಲ್ಲಿ ಕೂತಾಗಲೇ ಗೊತ್ತಾಗಿದ್ದು, ಕೇಳುವವರಿಗೂ ಸುಸ್ತಾಗಿರುತ್ತದೆ. ಬೆಳಿಗ್ಗೆಯಿಂದ ಐದು ಜನ "ನಾನು ಕಷ್ಟಪಟ್ಟು ಕೆಲಸ ಮಾಡುತ್ತೇನೆ, ಎಲ್ಲರ ಜೊತೆ ಹೊಂದಿಕೊಳ್ಳುತ್ತೇನೆ" ಅಂದಿರುತ್ತಾರೆ. ಆರನೆಯವರು "ಕಳೆದ ವರ್ಷ ನಮ್ಮ ಗೋದಾಮಿನ ಲೆಕ್ಕ ತಾಳೆಯಾಗುತ್ತಿರಲಿಲ್ಲ, ಆಗ ನಾನು..." ಎಂದು ಶುರು ಮಾಡಿದರೆ ಕೇಳಲು ಕೂತವರೆಲ್ಲ ಪೆನ್ನು ಕೈಗೆತ್ತಿಕೊಳ್ಳುತ್ತಾರೆ. ಆ ಪೆನ್ನು ಎತ್ತಿಸುವುದು ಹೇಗೆ ಅನ್ನುವುದೇ ಈ ಬರಹ. ಒಂದು ವಾರ ಸಮಯ ಇದ್ದರೆ ಆರಾಮಾಗಿ ಆಗುತ್ತದೆ. ಎರಡೇ ದಿನ ಇದ್ದರೆ ಮೂರನೇ ಹೆಜ್ಜೆಗೆ ಜಾಸ್ತಿ ಸಮಯ ಕೊಡಿ, ಉಳಿದದ್ದನ್ನು ಕಣ್ಣಾಡಿಸಿ.

ಹೆಜ್ಜೆ 1: ಜಾಹೀರಾತನ್ನು ಪೆನ್ನು ಹಿಡಿದು ಓದಿ

ಮೊದಲು ಜಾಹೀರಾತನ್ನು ಎಲ್ಲಾದರೂ ಉಳಿಸಿಟ್ಟುಕೊಳ್ಳಿ. ಅರ್ಜಿಯ ಕೊನೆ ದಿನ ಮುಗಿದ ಮೇಲೆ ಎಷ್ಟೋ ಕಂಪನಿಗಳು ಅದನ್ನು ವೆಬ್‌ಸೈಟಿನಿಂದ ತೆಗೆದುಬಿಡುತ್ತವೆ. ಇಂಟರ್‌ವ್ಯೂಗೆ ಕರೆ ಬಂದಾಗ "ಯಾವ ಕೆಲಸಕ್ಕೆ ಹಾಕಿದ್ದೆ?" ಎಂದು ತಲೆ ಕೆರೆದುಕೊಳ್ಳುವವರನ್ನು ನಾನು ತುಂಬ ನೋಡಿದ್ದೇನೆ.

ಈಗ ಅದರಲ್ಲಿ ಮಾಡಬೇಕಾದ ಕೆಲಸವನ್ನು ಹೇಳುವ ಮಾತುಗಳಿಗೆ ಗೆರೆ ಎಳೆಯಿರಿ. ದೂರು ನಿಭಾಯಿಸುವುದು, ವರದಿ ಬರೆಯುವುದು, ಹೊಸಬರಿಗೆ ಕಲಿಸುವುದು, ಇಂಥವು. "ಉತ್ಸಾಹಿ", "ಚುರುಕಾದ" ಮುಂತಾದ ಮಾತುಗಳನ್ನು ಬಿಡಿ. ಅವು ಎಲ್ಲ ಜಾಹೀರಾತಿನಲ್ಲೂ ಇರುತ್ತವೆ. ಒಂದು ಮಾತು ಎರಡು ಮೂರು ಕಡೆ ಬಂದಿದ್ದರೆ ಅದಕ್ಕೆ ನಕ್ಷತ್ರ ಹಾಕಿ. ಅವರಿಗೆ ಅಲ್ಲೇ ನೋವಿದೆ ಅಂತ ಅರ್ಥ.

ಒಂದು ಹಾಳೆಯ ನಡುವೆ ಗೀಟು ಎಳೆಯಿರಿ. ಎಡಕ್ಕೆ ಅವರು ಕೇಳಿದ್ದು. ಬಲಕ್ಕೆ ಆ ಕೆಲಸವನ್ನು ನೀವು ಎಲ್ಲಿ, ಯಾವಾಗ ಮಾಡಿದ್ದೀರಿ ಅನ್ನುವುದು. ಬಲಗಡೆ ಖಾಲಿ ಉಳಿದ ಜಾಗಗಳನ್ನು ನೋಡಿ ಹೆದರಬೇಡಿ. ಎಲ್ಲ ತುಂಬಿದವರು ಯಾರೂ ಇರುವುದಿಲ್ಲ. ಖಾಲಿ ಎಲ್ಲಿದೆ ಎಂದು ಇಂಟರ್‌ವ್ಯೂಗೆ ಮೊದಲೇ ಗೊತ್ತಾಯಿತಲ್ಲ, ಅದಕ್ಕೊಂದು ಮಾತು ಯೋಚಿಸಿಡಬಹುದು.

ಹೆಜ್ಜೆ 2: ನಿಮ್ಮ ರೆಸ್ಯೂಮೆಯನ್ನು ಆಗದವರ ಕಣ್ಣಿನಿಂದ ನೋಡಿ

ನೀವು ಬರೆದ ಪ್ರತಿ ಸಾಲಿನ ಮೇಲೂ ಪ್ರಶ್ನೆ ಬರಬಹುದು. ಎಂದೋ ಎರಡು ವಾರ ಕಲಿತ ಸಾಫ್ಟ್‌ವೇರ್ ಹೆಸರು ಅಲ್ಲಿದ್ದರೆ, ಎದುರಿಗೆ ಅದರಲ್ಲಿ ಹತ್ತು ವರ್ಷ ಮುಳುಗಿದವರೇ ಕೂತಿರುತ್ತಾರೆ ಎಂದುಕೊಳ್ಳಿ. ಹೇಳಲು ಬಾರದ್ದನ್ನು ತೆಗೆದುಹಾಕಿ. ಈಗಾಗಲೇ ಕಳಿಸಿಯಾಗಿದ್ದರೆ ಕೂತು ಓದಿಕೊಳ್ಳಿ.

ತಾರೀಕುಗಳನ್ನೂ ನೋಡಿ. ನಡುವೆ ಎಂಟು ತಿಂಗಳು ಖಾಲಿ ಇದ್ದರೆ ಕೇಳುತ್ತಾರೆ. ಅದನ್ನು ಮುಚ್ಚಲು ತಿಂಗಳು ತಿದ್ದಬೇಡಿ. ಹಳೆಯ ಆಫೀಸಿಗೆ ಒಂದು ಫೋನ್ ಮಾಡಿದರೆ ಗೊತ್ತಾಗುತ್ತದೆ. ಖಾಲಿ ಇದ್ದದ್ದಕ್ಕೆ ಕೆಲಸ ತಪ್ಪುವುದು ಕಡಿಮೆ. ಸುಳ್ಳು ಹೇಳಿದ್ದಕ್ಕೆ ತಪ್ಪುವುದು ಖಂಡಿತ.

ಹೆಜ್ಜೆ 3: ಘಟನೆಗಳನ್ನು ಕೂಡಿಹಾಕಿ

ಇಡೀ ತಯಾರಿಯಲ್ಲಿ ಜಾಸ್ತಿ ಸಮಯ ಬೇಡುವುದು ಇದು. ಹೆಚ್ಚಿನವರು ಬಿಟ್ಟುಬಿಡುವುದೂ ಇದನ್ನೇ.

"ಒಬ್ಬರ ಜೊತೆ ಜಗಳವಾದ ಸಂದರ್ಭ ಹೇಳಿ." "ಒಂದು ಕೆಲಸ ಕೈಕೊಟ್ಟಿದ್ದು ಯಾವಾಗ?" "ಸಮಯ ಕಡಿಮೆ ಇದ್ದಾಗ ಏನು ಮಾಡಿದಿರಿ?" ಈ ಬಗೆಯ ಪ್ರಶ್ನೆಗಳು ಈಗ ಸಣ್ಣ ಆಫೀಸುಗಳಿಗೂ ಬಂದಿವೆ. ಇದರ ಹಿಂದಿನ ಲೆಕ್ಕ ಸರಳ. ಮುಂದೆ ಹೇಗೆ ಮಾಡುತ್ತೀರಿ ಎಂದು ಕೇಳಿದರೆ ಯಾರು ಬೇಕಾದರೂ ಚೆಂದದ ಉತ್ತರ ಕೊಡುತ್ತಾರೆ. ಹಿಂದೆ ಏನು ಮಾಡಿದಿರಿ ಎಂದು ಕೇಳಿದರೆ ಬರೀ ಮಾತಿನಲ್ಲಿ ತಪ್ಪಿಸಿಕೊಳ್ಳುವುದು ಕಷ್ಟ.

ಎಲ್ಲ ಅಭ್ಯರ್ಥಿಗಳಿಗೂ ಒಂದೇ ಪ್ರಶ್ನೆ ಕೇಳಿ, ಮೊದಲೇ ಗೊತ್ತು ಮಾಡಿದ ಅಳತೆಯಲ್ಲಿ ಅಂಕ ಹಾಕುವ ಪದ್ಧತಿಯೂ ಹೆಚ್ಚುತ್ತಿದೆ. ಅದಕ್ಕೆ ಕಾರಣವಿದೆ. 1998ರಲ್ಲಿ ಫ್ರಾಂಕ್ ಶ್ಮಿಟ್ ಮತ್ತು ಜಾನ್ ಹಂಟರ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಕೆಲಸಕ್ಕೆ ಆರಿಸುವ ವಿಧಾನಗಳ ಬಗ್ಗೆ 85 ವರ್ಷಗಳಲ್ಲಿ ನಡೆದ ಸಂಶೋಧನೆಯನ್ನು ಒಟ್ಟುಮಾಡಿ ನೋಡಿದರು. ಬಾಯಿಗೆ ಬಂದದ್ದು ಕೇಳುವ ಸಂದರ್ಶನಕ್ಕಿಂತ ಹೀಗೆ ಕಟ್ಟಿ ನಡೆಸುವ ಸಂದರ್ಶನವೇ ಯಾರು ಚೆನ್ನಾಗಿ ಕೆಲಸ ಮಾಡುತ್ತಾರೆ ಎಂದು ಹೆಚ್ಚು ಸರಿಯಾಗಿ ತೋರಿಸುತ್ತಿತ್ತು. 2022ರಲ್ಲಿ ಪಾಲ್ ಸ್ಯಾಕೆಟ್ ಮತ್ತು ಜೊತೆಗಾರರು ಆ ಲೆಕ್ಕವನ್ನು ಮತ್ತೆ ಪರೀಕ್ಷಿಸಿದಾಗ ಕಟ್ಟಿ ನಡೆಸುವ ಸಂದರ್ಶನ ಪಟ್ಟಿಯ ಮೊದಲ ಸ್ಥಾನಕ್ಕೇ ಬಂತು. ಇದನ್ನು ಯಾಕೆ ಹೇಳಿದೆ ಎಂದರೆ, ಎದುರಿಗೆ ಕೂತವರು ಹಾಳೆ ನೋಡಿಕೊಂಡು ಪ್ರಶ್ನೆ ಓದುತ್ತಾ, ತಲೆ ತಗ್ಗಿಸಿ ಬರೆಯುತ್ತಾ, ನಗದೆ ಕೂತಿದ್ದರೆ ನಿಮ್ಮ ಮೇಲೆ ಅವರಿಗೆ ಸಿಟ್ಟಿಲ್ಲ. ಅವರು ತಮ್ಮ ಕೆಲಸವನ್ನು ಸರಿಯಾಗಿ ಮಾಡುತ್ತಿದ್ದಾರೆ ಅಷ್ಟೇ.

ಹಾಗಾದರೆ ನೀವು ಮಾಡಬೇಕಾದ್ದು ಇದು. ಹಿಂದಿನ ಮೂರು ನಾಲ್ಕು ವರ್ಷಗಳಲ್ಲಿ ನಡೆದ ಏಳೆಂಟು ಘಟನೆಗಳನ್ನು ಬರೆದುಕೊಳ್ಳಿ. ಒಂದು ನಿಮಗೆ ಹೆಮ್ಮೆ ತಂದದ್ದು. ಒಂದು ನೀವು ಎಡವಿದ್ದು. ಒಂದು ಯಾರ ಜೊತೆಗೋ ಮಾತು ಬೆಳೆದದ್ದು. ಒಂದು ಗೊತ್ತಿಲ್ಲದ್ದನ್ನು ಬೇಗ ಕಲಿತದ್ದು. ಒಂದು ಯಾರೂ ಹೇಳದೆ ನೀವೇ ಕೈಹಾಕಿದ್ದು. ಒಂದು ತಲೆ ಮೇಲೆ ಕೆಲಸ ಬಿದ್ದಾಗ ಯಾವುದು ಮೊದಲು ಎಂದು ಆರಿಸಿದ್ದು. ಒಂದೇ ಘಟನೆ ಎರಡು ಮೂರು ಪ್ರಶ್ನೆಗೆ ಆಗಿಬರುತ್ತದೆ. ಹಾಗಾಗಿ ನೂರು ಪ್ರಶ್ನೆಗೆ ನೂರು ಉತ್ತರ ಬೇಕಾಗುವುದಿಲ್ಲ.

ಈಗಷ್ಟೇ ಓದು ಮುಗಿಸಿದವರು "ನನ್ನ ಹತ್ತಿರ ಏನೂ ಇಲ್ಲ" ಅನ್ನುತ್ತಾರೆ. ಇರುತ್ತದೆ. ನಾಲ್ಕು ಜನರ ಪ್ರಾಜೆಕ್ಟ್‌ನಲ್ಲಿ ಒಬ್ಬರು ಕೈಕೊಟ್ಟಾಗ ಏನು ಮಾಡಿದಿರಿ? ಕಾರ್ಯಕ್ರಮಕ್ಕೆ ಹಣ ಸಾಲದಾಗ? ಹಿಂದೆ ಬಿದ್ದ ವಿಷಯದಲ್ಲಿ ಪಾಸಾಗಲು ಹೇಗೆ ಓದಿದಿರಿ? ಮನೆಯಲ್ಲಿ ಹುಷಾರಿಲ್ಲದವರನ್ನು ನೋಡಿಕೊಂಡು ಪರೀಕ್ಷೆ ಬರೆದದ್ದೂ ಒಂದು ಘಟನೆಯೇ. ಹೇಳಲು ನಿಮಗೆ ಮುಜುಗರ ಇಲ್ಲದಿದ್ದರೆ ಹೇಳಿ.

ಪ್ರತಿ ಘಟನೆಯನ್ನೂ ನಾಲ್ಕು ತುಂಡು ಮಾಡಿ: ಪರಿಸ್ಥಿತಿ ಏನಿತ್ತು, ನಿಮ್ಮ ಹೊಣೆ ಏನಿತ್ತು, ನೀವು ಏನೇನು ಮಾಡಿದಿರಿ, ಕೊನೆಗೆ ಏನಾಯಿತು. ಇದಕ್ಕೆ 'ಸ್ಟಾರ್' ವಿಧಾನ ಎಂದು ಹೆಸರು. ತರಬೇತಿ ಕೊಡುವವರೆಲ್ಲ ಇದನ್ನು ಹೇಳುತ್ತಾರೆ. ಆದರೆ ಯಾವ ತುಂಡು ಎಷ್ಟು ಉದ್ದ ಇರಬೇಕು ಅನ್ನುವುದನ್ನು ಹೇಳುವವರು ಕಡಿಮೆ. ಮೊದಲ ಎರಡೂ ಸೇರಿ ಅರ್ಧ ನಿಮಿಷದೊಳಗೆ ಮುಗಿಯಬೇಕು. ನೀವು ಮಾಡಿದ್ದಕ್ಕೆ ಒಂದು ನಿಮಿಷಕ್ಕಿಂತ ಸ್ವಲ್ಪ ಹೆಚ್ಚು. ಫಲಕ್ಕೆ ಎರಡು ಮೂರು ವಾಕ್ಯ. ಒಟ್ಟು ಎರಡು ನಿಮಿಷ. ನಾನು ಕೇಳಿದ ಸೋತ ಉತ್ತರಗಳಲ್ಲಿ ಮುಕ್ಕಾಲು ಪಾಲು ಪರಿಸ್ಥಿತಿಯಲ್ಲೇ ಸಿಕ್ಕಿಹಾಕಿಕೊಂಡಿರುತ್ತಿದ್ದವು. ಯಾವ ಇಲಾಖೆ, ಯಾರು ಬಾಸ್, ಯಾರು ಯಾರಿಗೆ ಏನಂದರು ಎಂದು ಮೂರು ನಿಮಿಷ. ಮಾತಾಡುತ್ತಿದ್ದವರು ಆ ಕಥೆಯೊಳಗೆ ಕಾಣಿಸಿಕೊಳ್ಳುವುದೇ ಇಲ್ಲ.

ಎರಡು ಉತ್ತರ ಪಕ್ಕಪಕ್ಕ ಇಟ್ಟು ನೋಡೋಣ. ಪ್ರಶ್ನೆ: ಒಂದು ಸಮಸ್ಯೆ ಬಿಡಿಸಿದ್ದು ಹೇಳಿ.

ಮೊದಲನೆಯವರು: "ನಮ್ಮಲ್ಲಿ ಬಿಲ್ ಕಳಿಸುವುದು ತಡವಾಗುತ್ತಿತ್ತು. ನಾವೆಲ್ಲ ಸೇರಿ ಶ್ರಮಪಟ್ಟು ಅದನ್ನು ಸರಿಮಾಡಿದೆವು. ಒತ್ತಡದಲ್ಲಿ ಕೆಲಸ ಮಾಡುವುದು ನನಗೆ ಅಭ್ಯಾಸ."

ಎರಡನೆಯವರು: "ಪ್ರತಿ ತಿಂಗಳೂ ಗ್ರಾಹಕರಿಗೆ ಬಿಲ್ 10 ದಿನ ತಡವಾಗಿ ಹೋಗುತ್ತಿತ್ತು. ಕಾರಣ ಹುಡುಕುವ ಕೆಲಸ ನನಗೆ ಕೊಟ್ಟರು. ಎರಡು ತಿಂಗಳ ಬಿಲ್‌ಗಳನ್ನು ತೆಗೆದು, ಒಂದೊಂದೂ ಯಾರ ಮೇಜಿನ ಮೇಲೆ ಎಷ್ಟು ದಿನ ಕೂತಿತ್ತು ಎಂದು ಬರೆದೆ. ಹೆಚ್ಚಿನವು ಒಂದೇ ಸಹಿಗೆ ಕಾಯುತ್ತಿದ್ದವು. ಆ ಅಧಿಕಾರಿಯ ಹತ್ತಿರ ಹೋಗಿ ಕೇಳಿದೆ. ಬಿಲ್‌ಗಳು ಹೊತ್ತಲ್ಲದ ಹೊತ್ತಿನಲ್ಲಿ ಒಂದೊಂದಾಗಿ ಬರುತ್ತವೆ, ನನ್ನ ಕೆಲಸ ಕೆಡುತ್ತದೆ ಅಂದರು. ದಿನಕ್ಕೊಮ್ಮೆ ಸಂಜೆ 4ಕ್ಕೆ ಎಲ್ಲವನ್ನೂ ಒಟ್ಟಿಗೆ ಕೊಡುವ ಹಾಗೆ ಮಾಡಿದೆ. ಸಣ್ಣ ಮೊತ್ತದವಕ್ಕೆ ಬೇರೆಯವರು ಸಹಿ ಮಾಡಲು ಒಪ್ಪಿಗೆ ಪಡೆದೆ. ಮೂರನೇ ತಿಂಗಳಿಗೆ ತಡ 2 ದಿನಕ್ಕೆ ಇಳಿಯಿತು. ಪೂರ್ತಿ ನಿಲ್ಲಲಿಲ್ಲ, ತಿಂಗಳ ಕೊನೆಯಲ್ಲಿ ಈಗಲೂ ಸ್ವಲ್ಪ ಗುಂಪಾಗುತ್ತದೆ."

ಕೊನೆಯ ಆ ವಾಕ್ಯ ನೋಡಿ. ಪೂರ್ತಿ ಗೆದ್ದೆ ಎಂದು ಹೇಳಿಕೊಳ್ಳಲಿಲ್ಲ. ಅದಕ್ಕೇ ಅದರ ಹಿಂದಿನ ಮಾತುಗಳನ್ನೆಲ್ಲ ನಂಬಬೇಕು ಅನ್ನಿಸುತ್ತದೆ.

"ನಾವು" ಅನ್ನುವ ಪದದ ಬಗ್ಗೆಯೂ ಒಂದು ಮಾತು. ನಮ್ಮಲ್ಲಿ ಹಲವರಿಗೆ "ನಾನು ಮಾಡಿದೆ" ಅನ್ನಲು ಸಂಕೋಚ. ಜಂಬ ಅನ್ನಿಸುತ್ತದೆ. ಒಳ್ಳೆಯ ಗುಣವೇ. ಆದರೆ ಕೇಳುವವರು ಕೆಲಸ ಕೊಡುವುದು ನಿಮ್ಮ ತಂಡಕ್ಕಲ್ಲ, ನಿಮಗೆ. "ನಾಲ್ಕು ಜನ ಇದ್ದೆವು, ಅದರಲ್ಲಿ ಲೆಕ್ಕದ ಭಾಗ ನನ್ನದು" ಎಂದು ಪಾಲು ಬಿಡಿಸಿ ಹೇಳಿ. ಅದರಲ್ಲಿ ಜಂಬವೂ ಇಲ್ಲ, ಸುಳ್ಳೂ ಇಲ್ಲ.

ಹೆಜ್ಜೆ 4: ಕಂಪನಿಯ ಬಗ್ಗೆ ಒಂದು ಗಂಟೆ

ಏನು ಮಾರುತ್ತಾರೆ, ಯಾರು ಕೊಳ್ಳುತ್ತಾರೆ, ಇತ್ತೀಚೆಗೆ ಏನು ಬದಲಾಗಿದೆ, ನೀವು ಸೇರುವ ವಿಭಾಗ ಅಲ್ಲಿ ಏನು ಮಾಡುತ್ತದೆ. ಇಷ್ಟು ಸಾಕು. ಕಂಪನಿ ಶುರುವಾದ ವರ್ಷ, ಸ್ಥಾಪಕರ ಹೆಸರು ಬಾಯಿಪಾಠ ಮಾಡುವ ಅಗತ್ಯವಿಲ್ಲ. ಅವರ ಆ್ಯಪ್ ಅಥವಾ ಸರಕು ಸಿಗುವ ಹಾಗಿದ್ದರೆ ಒಮ್ಮೆ ಬಳಸಿ ನೋಡಿ. "ನಿನ್ನೆ ನಿಮ್ಮ ಆ್ಯಪ್ ಹಾಕಿಕೊಂಡೆ, ವಿಳಾಸ ಬದಲಿಸುವ ಜಾಗ ಹುಡುಕಲು ಸ್ವಲ್ಪ ಹೊತ್ತು ಹಿಡಿಯಿತು" ಎಂದು ಹೇಳಿದವರೊಬ್ಬರು ನನಗೆ ಇಂದಿಗೂ ನೆನಪಿದ್ದಾರೆ.

ಹೆಜ್ಜೆ 5: ಬಾಯಿಬಿಟ್ಟು ಹೇಳಿ ನೋಡಿ

ಮನಸ್ಸಿನಲ್ಲಿ ಓದಿಕೊಂಡಾಗ ಎಲ್ಲ ಉತ್ತರವೂ ಚೆಂದವೇ. ಬಾಯಿಗೆ ಬಂದಾಗ ಗೊತ್ತಾಗುವುದು ಎಲ್ಲಿ ತಡವರಿಸುತ್ತೇವೆ ಎಂದು. ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿ. ಮೊದಲ ಸಲ ನಿಮ್ಮ ದನಿ ಕೇಳಿ ನಿಮಗೇ ಮುಜುಗರವಾಗುತ್ತದೆ. ಎಲ್ಲರಿಗೂ ಆಗುತ್ತದೆ. ಎರಡು ವಿಷಯ ಗಮನಿಸಿ: ಉತ್ತರ ಎರಡು ನಿಮಿಷ ದಾಟಿತೇ, ಮತ್ತು "ಅಂದ್ರೆ", "ಅದೇನಂದ್ರೆ", "ಬೇಸಿಕಲಿ" ಎಷ್ಟು ಸಲ ಬಂತು.

ಇದನ್ನು ಒಂದೇ ರಾತ್ರಿಯಲ್ಲಿ ಮುಗಿಸಬೇಡಿ. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ ಮರೆವನ್ನು ಅಳೆದ ಮನುಷ್ಯ. ಒಂದೇ ದಿನ 68 ಸಲ ಓದಿ ಬಂದ ಫಲ, ಮೂರು ದಿನಕ್ಕೆ ಹಂಚಿದಾಗ 38 ಸಲಕ್ಕೇ ಬಂತು ಎಂದು 1885ರಲ್ಲೇ ಬರೆದಿಟ್ಟಿದ್ದಾನೆ. ದಿನಕ್ಕೆ ಅರ್ಧ ಗಂಟೆಯಂತೆ ಐದು ದಿನ ಮಾಡಿ.

ವಾಕ್ಯಗಳನ್ನು ನೆನಪಿಟ್ಟುಕೊಳ್ಳಬೇಡಿ. ಒಂದು ಘಟನೆಗೆ ನಾಲ್ಕೈದು ಪದ ಸಾಕು: "ಬಿಲ್, 10 ದಿನ, ಒಂದೇ ಸಹಿ, ಸಂಜೆ 4, 2 ದಿನ." ಪ್ರತಿ ಸಲ ಹೇಳುವಾಗ ವಾಕ್ಯ ಬೇರೆಯಾಗಲಿ. ಆಗ ನಡುವೆ ಯಾರಾದರೂ ತಡೆದರೂ ದಾರಿ ತಪ್ಪುವುದಿಲ್ಲ. ನನಗೆ ಆದ ಗತಿ ನಿಮಗೆ ಬರುವುದಿಲ್ಲ.

ಕೊನೆಯ ಎರಡು ದಿನ ಗೆಳೆಯರೊಬ್ಬರನ್ನು ಎದುರಿಗೆ ಕೂರಿಸಿಕೊಳ್ಳಿ. ಅವರಿಗೆ ಒಂದೇ ಕೆಲಸ ಕೊಡಿ. ನೀವು ಏನೇ ಹೇಳಿದರೂ "ಯಾಕೆ ಹಾಗೆ ಮಾಡಿದೆ?" ಎಂದು ಮೂರು ಸಲ ಕೇಳಬೇಕು. ನಿಜವಾಗಿ ನಡೆದ ಘಟನೆ ಮೂರನೇ "ಯಾಕೆ"ಗೂ ಜಗ್ಗುವುದಿಲ್ಲ. ಬಣ್ಣ ಹಚ್ಚಿದ್ದು ಎರಡನೆಯದಕ್ಕೇ ಉದುರುತ್ತದೆ. ಗೆಳೆಯರು ಸಿಗದಿದ್ದರೆ ಎಐ ಚಾಟ್‌ಗೆ ಜಾಹೀರಾತು ಕೊಟ್ಟು ಪ್ರಶ್ನೆ ಕೇಳು ಅನ್ನಿ, ಪರವಾಗಿಲ್ಲ. ಉತ್ತರ ಮಾತ್ರ ಅದರ ಕೈಲಿ ಬರೆಸಬೇಡಿ. ಅದು ಕೊಡುವ ನುಣುಪಾದ ಉತ್ತರಗಳನ್ನು ನಾವು ಈಗ ಪ್ಯಾನೆಲ್‌ನಲ್ಲಿ ದಿನಾ ಕೇಳುತ್ತಿದ್ದೇವೆ. ಹೆಸರು ಬೇರೆ, ಉತ್ತರ ಒಂದೇ.

ಹೆಜ್ಜೆ 6: ಬೆವರಿಳಿಸುವ ಪ್ರಶ್ನೆಗಳು

"ನಿಮ್ಮ ಬಗ್ಗೆ ಹೇಳಿ." ಹುಟ್ಟಿದ ಊರು, ಶಾಲೆಯಿಂದ ಶುರು ಮಾಡಬೇಡಿ. ಈಗ ಏನು ಮಾಡುತ್ತಿದ್ದೀರಿ, ಅಲ್ಲಿಗೆ ಹೇಗೆ ಬಂದಿರಿ, ಈ ಕೆಲಸ ಯಾಕೆ ಬೇಕು. ಒಂದೂವರೆ ನಿಮಿಷ ಮೀರಬಾರದು. ಅದರೊಳಗೆ ನಿಮ್ಮ ಅತಿ ಗಟ್ಟಿಯಾದ ಘಟನೆಯ ಒಂದು ಎಳೆ ಬಿಟ್ಟಿರಿ. ಮುಂದಿನ ಪ್ರಶ್ನೆ ಅದರ ಮೇಲೇ ಬರುವ ಸಂಭವ ಹೆಚ್ಚು.

"ನಿಮ್ಮ ದೌರ್ಬಲ್ಯ ಏನು?" ದಯವಿಟ್ಟು "ನಾನು ತುಂಬ ಅಚ್ಚುಕಟ್ಟು" ಅನ್ನಬೇಡಿ. ಅದನ್ನು ಕೇಳಿದಾಗ ಪ್ಯಾನೆಲ್‌ನವರು ಒಬ್ಬರ ಮುಖ ಒಬ್ಬರು ನೋಡುವುದಿಲ್ಲ, ನೋಡಿದರೆ ನಗು ಬರುತ್ತದೆ. ನಿಜವಾದ ಒಂದನ್ನು ಹೇಳಿ. ಆದರೆ ಆ ಕೆಲಸದ ಬುಡಕ್ಕೇ ಕೊಡಲಿ ಹಾಕುವಂಥದ್ದು ಬೇಡ. ಲೆಕ್ಕಪತ್ರದ ಕೆಲಸಕ್ಕೆ ಬಂದು "ಅಂಕಿಗಳಲ್ಲಿ ತಪ್ಪುತ್ತೇನೆ" ಅಂದರೆ ಮುಗಿಯಿತು. ಜೊತೆಗೆ ಅದನ್ನು ಹೇಗೆ ನಿಭಾಯಿಸುತ್ತಿದ್ದೀರಿ ಎಂದೂ ಹೇಳಿ. "ಮೀಟಿಂಗ್‌ನಲ್ಲಿ ಬಾಯಿ ಬಿಡುತ್ತಿರಲಿಲ್ಲ. ಈಗ ಹೋಗುವ ಮೊದಲು ಎರಡು ಅಂಶ ಬರೆದುಕೊಂಡು ಹೋಗುತ್ತೇನೆ, ಒಂದನ್ನಾದರೂ ಹೇಳದೆ ಏಳುವುದಿಲ್ಲ." ಇಷ್ಟು ಸಾಕು.

"ಈಗಿನ ಕೆಲಸ ಯಾಕೆ ಬಿಡುತ್ತಿದ್ದೀರಿ?" ಎರಡೇ ವಾಕ್ಯ. ಒಂದು ಅಲ್ಲಿ ಕಲಿತದ್ದಕ್ಕೆ, ಒಂದು ಇಲ್ಲಿ ಬೇಕಾದ್ದಕ್ಕೆ. ಹಳೆಯ ಬಾಸ್ ಎಷ್ಟೇ ಕೆಟ್ಟವರಾಗಿರಲಿ, ಇಲ್ಲಿ ಬೈಯಬೇಡಿ. ಕೇಳುವವರು "ನಾಳೆ ನಮ್ಮನ್ನೂ ಹೀಗೇ ಬೈಯುತ್ತಾರೆ" ಎಂದುಕೊಳ್ಳುತ್ತಾರೆ. ಕೆಲಸದಿಂದ ತೆಗೆದುಹಾಕಿದ್ದರೆ ಅದನ್ನೂ ಚಿಕ್ಕದಾಗಿ ಹೇಳಿ, ಅದರಿಂದ ಏನು ಬದಲಿಸಿಕೊಂಡಿರಿ ಎಂದು ಸೇರಿಸಿ, ನಿಲ್ಲಿಸಿ. ವಿವರಿಸುತ್ತಾ ಹೋದಷ್ಟೂ ಅನುಮಾನ ಹೆಚ್ಚುತ್ತದೆ.

ಸಂಬಳ. ಇಂಥ ಕೆಲಸಕ್ಕೆ ಹೊರಗೆ ಎಷ್ಟು ಕೊಡುತ್ತಾರೆ ಎಂದು ಮೊದಲೇ ವಿಚಾರಿಸಿ. ಮನಸ್ಸಿನಲ್ಲಿ ಮೂರು ಅಂಕಿ ಇಟ್ಟುಕೊಳ್ಳಿ: ಖುಷಿಯಾಗುವ ಮೊತ್ತ, ಒಪ್ಪಬಹುದಾದ ಮೊತ್ತ, ಇದಕ್ಕಿಂತ ಕೆಳಗಾದರೆ ಬೇಡ ಅನ್ನುವ ಮೊತ್ತ. ಅವರು ಕೇಳಿದಾಗ "ಈ ಹುದ್ದೆಗೆ ನೀವು ಎಷ್ಟು ಇಟ್ಟಿದ್ದೀರಿ?" ಎಂದು ಒಮ್ಮೆ ತಿರುಗಿ ಕೇಳಬಹುದು. ಅದರಲ್ಲಿ ತಪ್ಪಿಲ್ಲ. ನೀವೇ ಹೇಳಬೇಕಾಗಿ ಬಂದರೆ "ಇಷ್ಟರಿಂದ ಇಷ್ಟು" ಅನ್ನಿ. ಅವರ ಕಣ್ಣು ಕೆಳಗಿನ ಅಂಕಿಯ ಮೇಲೇ ಬೀಳುತ್ತದೆ, ಹಾಗಾಗಿ ಅದು ನಿಮಗೆ ಒಪ್ಪಿಗೆಯಾಗುವ ಅಂಕಿಯೇ ಆಗಿರಲಿ. ಹೇಳಿದ ಮೇಲೆ ಸುಮ್ಮನಿರಿ. "ಆದರೆ ಸ್ವಲ್ಪ ಕಡಿಮೆಯಾದರೂ..." ಎಂದು ನೀವೇ ಇಳಿಯಬೇಡಿ. ಈಗಿನ ಸಂಬಳ ಹೆಚ್ಚಿಸಿ ಹೇಳುವುದೂ ಬೇಡ, ಸೇರುವಾಗ ಸಂಬಳದ ಚೀಟಿ ಕೇಳುವ ಕಂಪನಿಗಳು ಬೇಕಾದಷ್ಟಿವೆ.

ಮದುವೆ, ಮಕ್ಕಳು, ಧರ್ಮ. ಹಲವು ದೇಶಗಳಲ್ಲಿ ಇಂಥದ್ದನ್ನು ನೋಡಿ ಆರಿಸುವುದನ್ನು ಕಾನೂನೇ ತಡೆಯುತ್ತದೆ. ಆದರೂ ಕೇಳುವವರು ಇದ್ದಾರೆ. ಜಗಳವಾಡಬೇಕಿಲ್ಲ, ಎಲ್ಲ ಹೇಳಲೂಬೇಕಿಲ್ಲ. ಅವರ ಚಿಂತೆ ಏನೋ ಅದಕ್ಕೆ ಉತ್ತರ ಕೊಡಿ: "ಕೆಲಸದ ವೇಳೆ, ಪ್ರಯಾಣ ಯಾವುದೂ ನನಗೆ ತೊಂದರೆಯಿಲ್ಲ." ಮತ್ತೆ ಮತ್ತೆ ಅದನ್ನೇ ಕೆದಕಿದರೆ ಆ ಜಾಗ ನಿಮಗೆ ಬೇಕೇ ಎಂದು ನೀವೇ ಯೋಚಿಸಿ.

ಇನ್ನು ಉತ್ತರ ಗೊತ್ತಿಲ್ಲದ ಪ್ರಶ್ನೆ. "ಗೊತ್ತಿಲ್ಲ" ಅನ್ನಿ. ಅಲ್ಲಿಗೇ ಬಿಡದೆ ಮುಂದಿನ ಮಾತು ಸೇರಿಸಿ: "ಇದನ್ನು ನಾನು ಮಾಡಿಲ್ಲ. ಇದಕ್ಕೆ ಹತ್ತಿರದ್ದು ಮಾಡಿದ್ದೇನೆ. ಇದು ಬಂದರೆ ಮೊದಲು ಇಲ್ಲಿ ನೋಡುತ್ತಿದ್ದೆ." ಗೊತ್ತಿಲ್ಲದ್ದನ್ನು ಗೊತ್ತಿರುವ ಹಾಗೆ ಹೇಳಿ ಸಿಕ್ಕಿಬಿದ್ದವರ ಉಳಿದ ಒಳ್ಳೆಯ ಉತ್ತರಗಳ ಮೇಲೂ ನಮಗೆ ಅನುಮಾನ ಬಂದುಬಿಡುತ್ತಿತ್ತು.

ಹೆಜ್ಜೆ 7: ವಿಡಿಯೋ ಇಂಟರ್‌ವ್ಯೂ ಆದರೆ

ಕ್ಯಾಮೆರಾ ಕಣ್ಣಿನ ಮಟ್ಟಕ್ಕೆ ಇರಲಿ, ನಾಲ್ಕು ದಪ್ಪ ಪುಸ್ತಕ ಇಟ್ಟರೆ ಆಯಿತು. ಬೆಳಕು ಮುಖದ ಮೇಲೆ ಬೀಳಲಿ. ಬೆನ್ನ ಹಿಂದೆ ಕಿಟಕಿ ಇದ್ದರೆ ನೀವು ನೆರಳಿನ ಹಾಗೆ ಕಾಣುತ್ತೀರಿ. ತಂತಿಯ ಹೆಡ್‌ಫೋನ್‌ಗೆ ಚಾರ್ಜ್ ಮುಗಿಯುವ ಭಯವಿಲ್ಲ. ನೆಟ್ ಹೋದರೆ ಏನು ಮಾಡುವುದು ಎಂದು ಮೊದಲೇ ಯೋಚಿಸಿ, ಫೋನಿನ ಹಾಟ್‌ಸ್ಪಾಟ್ ಒಮ್ಮೆ ಹಾಕಿ ನೋಡಿ, ಅವರ ಫೋನ್ ನಂಬರ್ ಕಾಗದದ ಮೇಲೆ ಬರೆದಿಡಿ. ಎದುರಿನವರ ಮಾತು ಮುಗಿದ ಮೇಲೆ ಒಂದು ಕ್ಷಣ ತಡೆದು ಮಾತಾಡಿ, ಇಲ್ಲದಿದ್ದರೆ ಇಬ್ಬರೂ ಒಟ್ಟಿಗೆ ಶುರು ಮಾಡುತ್ತೀರಿ.

ನೆನಪಿಗಾಗಿ ಒಂದೆರಡು ಚೀಟಿ ಅಂಟಿಸಿಕೊಂಡರೆ ತಪ್ಪಿಲ್ಲ. ಪರದೆ ಮೇಲೆ ಉತ್ತರ ಓದುವುದು ಬೇಡ. ಓದುವವರ ಕಣ್ಣು ಎಡದಿಂದ ಬಲಕ್ಕೆ ಓಡುವುದು ಈ ಕಡೆ ಸ್ಪಷ್ಟವಾಗಿ ಕಾಣುತ್ತದೆ.

ಹೆಜ್ಜೆ 8: ಹಿಂದಿನ ದಿನ, ಆ ದಿನ

ಹಿಂದಿನ ದಿನ ಹೊಸದೇನೂ ಓದಬೇಡಿ. ಬಟ್ಟೆ ತೆಗೆದಿಡಿ. ಅಲ್ಲಿನವರು ದಿನಾ ಹಾಕುವುದಕ್ಕಿಂತ ಒಂದು ಮಟ್ಟ ಮೇಲಿದ್ದರೆ ಸಾಕು, ಹೊಸ ಚಪ್ಪಲಿ ಕಚ್ಚಿ ಕುಂಟುತ್ತಾ ಹೋಗುವುದು ಬೇಡ. ರೆಸ್ಯೂಮೆ ಎರಡು ಮೂರು ಪ್ರತಿ, ಒಂದು ಪೆನ್ನು, ಒಂದು ಪುಟ್ಟ ನೋಟ್‌ಬುಕ್. ಜಾಗ ದೂರ ಇದ್ದರೆ ಅದೇ ಹೊತ್ತಿಗೆ ಎಷ್ಟು ಸಮಯ ಹಿಡಿಯುತ್ತದೆ ನೋಡಿಕೊಳ್ಳಿ. ಹತ್ತು ಹದಿನೈದು ನಿಮಿಷ ಮೊದಲು ಒಳಗೆ ಹೋಗಿ. ಒಂದು ಗಂಟೆ ಮೊದಲೇ ಮುಟ್ಟಿದರೆ ಹೊರಗೇ ಎಲ್ಲಾದರೂ ಕೂತಿರಿ, ಅವರಿಗೂ ಇಕ್ಕಟ್ಟಾಗಬಾರದು.

ಎದೆ ಹೊಡೆದುಕೊಳ್ಳುತ್ತದೆ. ಹೊಡೆದುಕೊಳ್ಳಲಿ. "ಸಮಾಧಾನ, ಸಮಾಧಾನ" ಎಂದು ಹೇಳಿಕೊಂಡರೆ ಅದೇನೂ ಮಾತು ಕೇಳುವುದಿಲ್ಲ. ಹಾರ್ವರ್ಡ್‌ನ ಆಲಿಸನ್ ವುಡ್ ಬ್ರೂಕ್ಸ್ 2014ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಜನರನ್ನು ಹಾಡಲು, ಭಾಷಣ ಮಾಡಲು, ಲೆಕ್ಕ ಬಿಡಿಸಲು ಕೂರಿಸಿದ್ದರು. ಮೊದಲು ಕೆಲವರಿಗೆ "ನಾನು ಶಾಂತವಾಗಿದ್ದೇನೆ" ಎಂದೂ ಕೆಲವರಿಗೆ "ನನಗೆ ಉತ್ಸಾಹವಾಗಿದೆ" ಎಂದೂ ಹೇಳಿಕೊಳ್ಳಲು ತಿಳಿಸಿದರು. ಉತ್ಸಾಹ ಎಂದವರೇ ಚೆನ್ನಾಗಿ ಮಾಡಿದರು. ಭಯದಲ್ಲೂ ಹುರುಪಿನಲ್ಲೂ ಎದೆಬಡಿತ ಜೋರಾಗಿಯೇ ಇರುತ್ತದೆ. ಅದನ್ನು ಪೂರ್ತಿ ಇಳಿಸುವುದಕ್ಕಿಂತ ಅದರ ಹೆಸರು ಬದಲಿಸುವುದು ಸುಲಭ.

ಹೆಜ್ಜೆ 9: ಒಳಗೆ ಹೋದ ಮೇಲೆ

1920ರಲ್ಲಿ ಎಡ್ವರ್ಡ್ ಥಾರ್ನ್‌ಡೈಕ್ ಎಂಬ ಮನಶ್ಶಾಸ್ತ್ರಜ್ಞ ಸೈನ್ಯದ ಅಧಿಕಾರಿಗಳು ತಮ್ಮ ಕೈಕೆಳಗಿನವರಿಗೆ ಹಾಕಿದ ಅಂಕಗಳನ್ನು ನೋಡಿದ. ಮೈಕಟ್ಟಿಗೆ ಒಳ್ಳೆ ಅಂಕ ಬಿದ್ದವರಿಗೆ ಬುದ್ಧಿಗೂ, ನಡತೆಗೂ ಒಳ್ಳೆ ಅಂಕ ಬಿದ್ದಿತ್ತು. ಒಂದು ಗುಣದ ಬೆಳಕು ಉಳಿದವುಗಳ ಮೇಲೂ ಬೀಳುತ್ತದೆ. ನ್ಯಾಯ ಅಲ್ಲ, ಆದರೆ ಇದ್ದದ್ದು ಹೀಗೆ. ಅದಕ್ಕೇ ಮೊದಲ ಎರಡು ನಿಮಿಷ ಸ್ವಲ್ಪ ಎಚ್ಚರವಾಗಿರಿ: ನೇರ ಕೂರಿ, ನಮಸ್ಕಾರ ಹೇಳುವಾಗ ಮುಖ ನೋಡಿ, ದನಿ ಗಂಟಲಲ್ಲೇ ಉಳಿಯದಿರಲಿ. ಬಾಗಿಲಲ್ಲಿ ಸಿಕ್ಕವರ ಜೊತೆಗೂ ಮರ್ಯಾದೆಯಿಂದಿರಿ. ರಿಸೆಪ್ಷನ್‌ನಲ್ಲಿ ಒರಟಾಗಿ ಮಾತಾಡಿದವರ ಸುದ್ದಿ ಎಷ್ಟೋ ಸಲ ಅವರಿಗಿಂತ ಮೊದಲೇ ನಮ್ಮ ಕೋಣೆಗೆ ಬಂದಿರುತ್ತಿತ್ತು.

ಪ್ರಶ್ನೆ ಪೂರ್ತಿ ಕೇಳಿ. ಮೂರು ನಾಲ್ಕು ಸೆಕೆಂಡ್ ಯೋಚಿಸಿ. ಆ ಮೌನ ನಿಮಗೆ ಒಂದು ಯುಗ ಅನ್ನಿಸುತ್ತದೆ, ಎದುರಿನವರಿಗೆ ಗೊತ್ತೂ ಆಗುವುದಿಲ್ಲ. ಅರ್ಥವಾಗದಿದ್ದರೆ "ನೀವು ಕೇಳಿದ್ದು ಹೀಗಾ?" ಎಂದು ಕೇಳಿ. ಪ್ಯಾನೆಲ್ ಇದ್ದರೆ ಕೇಳಿದವರತ್ತ ನೋಡಿ ಶುರು ಮಾಡಿ, ನಡುವೆ ಉಳಿದವರ ಕಡೆಗೂ ಕಣ್ಣು ಹಾಯಿಸಿ. ಕೆಲಸ ಕೊಟ್ಟು ಅಲ್ಲೇ ಮಾಡಿ ತೋರಿಸಿ ಅಂದರೆ, ತಲೆಯಲ್ಲಿ ಓಡುತ್ತಿರುವುದನ್ನು ಬಾಯಲ್ಲೂ ಹೇಳುತ್ತಾ ಮಾಡಿ. ಉತ್ತರ ತಪ್ಪಿದರೂ ಯೋಚನೆಗೆ ಅಂಕ ಸಿಗುತ್ತದೆ.

ಹೇಳುವುದು ಮುಗಿದಾಗ ನಿಲ್ಲಿಸಿ. ಅವರು ಬರೆದುಕೊಳ್ಳುತ್ತಿರುತ್ತಾರೆ, ಕೋಣೆ ನಿಶ್ಶಬ್ದವಾಗುತ್ತದೆ, ನಿಮಗೆ ಏನಾದರೂ ಸೇರಿಸೋಣ ಅನ್ನಿಸುತ್ತದೆ. ಬೇಡ. ಒಳ್ಳೆಯ ಉತ್ತರಗಳು ಕೆಡುವುದು ಹೀಗೆ ಸೇರಿಸಿದ ಅರ್ಧ ನಿಮಿಷದಲ್ಲೇ.

ಹೆಜ್ಜೆ 10: ನಿಮ್ಮ ಪ್ರಶ್ನೆಗಳು

"ನಿಮಗೇನಾದರೂ ಕೇಳಬೇಕಾ?" ಅಂದಾಗ "ಏನಿಲ್ಲ" ಅನ್ನಬೇಡಿ. ಸೇರಿದವರು ಮೊದಲ ಮೂರು ತಿಂಗಳಲ್ಲಿ ಏನು ಮಾಡಿದರೆ ನಿಮಗೆ ಸಮಾಧಾನ? ಈ ಹುದ್ದೆ ಹೊಸದೋ, ಯಾರಾದರೂ ಬಿಟ್ಟು ಹೋದದ್ದೋ? ಈಗ ತಂಡಕ್ಕೆ ಅತಿ ತಲೆನೋವು ಯಾವುದು? ಎರಡನೇ ಪ್ರಶ್ನೆಗೆ ಅವರು ತಡವರಿಸಿದರೆ ಗಮನವಿಟ್ಟು ಕೇಳಿ. ಎರಡು ವರ್ಷದಲ್ಲಿ ನಾಲ್ಕು ಜನ ಬಿಟ್ಟು ಹೋದ ಕುರ್ಚಿ ಅದಾಗಿರಬಹುದು. ಏಳುವ ಮೊದಲು, ಫಲಿತಾಂಶ ಯಾವಾಗ ತಿಳಿಸುತ್ತೀರಿ ಎಂದು ಕೇಳಿಯೇ ಬನ್ನಿ.

ಹೆಜ್ಜೆ 11: ಹೊರಗೆ ಬಂದ ಮೇಲೆ

ಹೊರಗೆ ಎಲ್ಲಾದರೂ ಕೂತು, ಕೇಳಿದ ಪ್ರಶ್ನೆಗಳನ್ನೆಲ್ಲ ನೋಟ್‌ಬುಕ್‌ನಲ್ಲಿ ಬರೆಯಿರಿ. ಮನೆಗೆ ಹೋಗುವಷ್ಟರಲ್ಲಿ ಅರ್ಧ ಮರೆತಿರುತ್ತದೆ. ಎಲ್ಲಿ ತಡವರಿಸಿದಿರಿ ಅಲ್ಲಿ ಒಂದು ಗುರುತು ಹಾಕಿ. ನನ್ನ ನಾಲ್ಕನೇ ಇಂಟರ್‌ವ್ಯೂನಲ್ಲಿ ಕೇಳಿದ ಒಂಬತ್ತು ಪ್ರಶ್ನೆಗಳಲ್ಲಿ ಆರು ಆಗಲೇ ನನ್ನ ನೋಟ್‌ಬುಕ್‌ನಲ್ಲಿದ್ದವು.

ಅದೇ ದಿನ ಅಥವಾ ಮರುದಿನ ನಾಲ್ಕು ಸಾಲಿನ ಧನ್ಯವಾದದ ಇಮೇಲ್ ಕಳಿಸಿ. ಮಾತಾಡಿದ್ದರಲ್ಲಿ ಒಂದು ವಿಷಯ ಅದರಲ್ಲಿ ಬರಲಿ. ಹೇಳಿದ ದಿನ ಕಳೆದು ಎರಡು ಮೂರು ದಿನವಾದರೂ ಸುದ್ದಿ ಬರದಿದ್ದರೆ ಒಮ್ಮೆ ಕೇಳಿ. ದಿನಾ ಫೋನ್ ಮಾಡಬೇಡಿ. ಆಗಲಿಲ್ಲ ಅಂದರೆ "ಯಾವುದರಲ್ಲಿ ಕಡಿಮೆಯಾಯಿತು?" ಎಂದು ವಿನಯದಿಂದ ಕೇಳಿ ನೋಡಿ. ಹೆಚ್ಚಿನವರು ಉತ್ತರಿಸುವುದಿಲ್ಲ. ಉತ್ತರಿಸಿದವರ ಒಂದು ಸಾಲು ಹತ್ತು ತರಬೇತಿಗಿಂತ ಉಪಯೋಗಕ್ಕೆ ಬರುತ್ತದೆ.

ನಡುವೆ ಯಾರಾದರೂ ನೋಂದಣಿಗೆ, ತರಬೇತಿಗೆ, ಲ್ಯಾಪ್‌ಟಾಪ್‌ಗೆ ಎಂದು ನಿಮ್ಮಿಂದಲೇ ಹಣ ಕೇಳಿದರೆ ಅದು ಕೆಲಸವಲ್ಲ, ಮೋಸ. ಫೋನ್ ಇಟ್ಟುಬಿಡಿ. ಕೆಲಸ ಸಿಕ್ಕಿತು ಎಂದು ಬಾಯಿಮಾತಿನಲ್ಲಿ ತಿಳಿಸಿದರೆ ಖುಷಿಪಡಿ, ಮನೆಯವರಿಗೂ ಹೇಳಿ. ಈಗಿನ ಕೆಲಸಕ್ಕೆ ರಾಜೀನಾಮೆ ಮಾತ್ರ ಆಫರ್ ಲೆಟರ್ ಕೈಗೆ ಬಂದು, ಸಂಬಳ, ಹುದ್ದೆ, ಸೇರುವ ದಿನ ಮೂರನ್ನೂ ಓದಿ ನೋಡಿದ ಮೇಲೇ ಕೊಡಿ.